ಕೊಲೆಸ್ಟೈರಮೀನ್ ಪುಡಿ: ಕಲಸುವ ಬಗೆ, ಕುಡಿಯುವ ಹೊತ್ತು

ಕೊಲೆಸ್ಟರಾಲ್ ಇಳಿಸಲು ಡಾಕ್ಟರು ಸ್ಟಾಟಿನ್ (ಕೊಲೆಸ್ಟರಾಲ್ ಇಳಿಸುವ ಸಾಮಾನ್ಯ ಮಾತ್ರೆ) ಬದಲು, ಇಲ್ಲವೇ ಅದರ ಜತೆಗೇ, ಕೊಲೆಸ್ಟೈರಮೀನ್ ಬರೆದುಕೊಟ್ಟಿದ್ದರೆ ಮೊದಲು ಇದು ತಿಳಿದಿರಲಿ: ಈ ಔಷಧ ರಕ್ತಕ್ಕೆ ಸೇರುವುದೇ ಇಲ್ಲ. ಕರುಳಿನಲ್ಲೇ ಉಳಿದು ಪಿತ್ತರಸದ ಆಮ್ಲಗಳನ್ನು ಹಿಡಿದುಕೊಂಡು ಮಲದ ಜತೆ ಹೊರಹೋಗುತ್ತದೆ. ಹಾಗೆ ಕಳೆದುಹೋದ ಪಿತ್ತಾಮ್ಲವನ್ನು ಮತ್ತೆ ತಯಾರಿಸಲು ಲಿವರ್‌ಗೆ ಕೊಲೆಸ್ಟರಾಲ್ ಬೇಕು. ಅದನ್ನು ರಕ್ತದಿಂದ ಎಳೆದುಕೊಳ್ಳುವುದರಿಂದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಇಳಿಯುತ್ತದೆ. ತೊಂದರೆ ಇರುವುದೂ ಇಲ್ಲೇ. ಪಿತ್ತಾಮ್ಲ ಯಾವುದು, ನಿಮ್ಮ ಥೈರಾಯ್ಡ್ ಮಾತ್ರೆ ಯಾವುದು ಎಂಬ ಭೇದ ಈ ಪುಡಿಗಿಲ್ಲ, ಸಿಕ್ಕಿದ್ದನ್ನು ಹಿಡಿಯುತ್ತದೆ.

ಒಂದು ಸ್ಯಾಚೆಟ್‌ನಲ್ಲಿ ಸಾಮಾನ್ಯವಾಗಿ 4 ಗ್ರಾಂ ಔಷಧವಿರುತ್ತದೆ. ಸಕ್ಕರೆ, ರುಚಿಯ ಪುಡಿ ಬೆರೆಸಿದ್ದರೆ ಸ್ಯಾಚೆಟ್‌ನ ಒಟ್ಟು ತೂಕ ಅದಕ್ಕಿಂತ ಹೆಚ್ಚಿರಬಹುದು. ಸಕ್ಕರೆ ಕಾಯಿಲೆ ಇರುವವರು ಲೇಬಲ್ ಓದಿ, ಸಕ್ಕರೆ ಇಲ್ಲದ್ದನ್ನು ಕೇಳಿ ಪಡೆಯಿರಿ.

ಕಲಸಲು 60ರಿಂದ 180 ಮಿಲಿ ನೀರು, ಹಾಲು ಅಥವಾ ಹಣ್ಣಿನ ರಸ ತೆಗೆದುಕೊಳ್ಳಿ. ಲೋಟಕ್ಕೆ ಮೊದಲು ದ್ರವ, ಆಮೇಲೆ ಪುಡಿ. ಮೇಲೆ ಉದುರಿಸಿ ಒಂದೆರಡು ನಿಮಿಷ ಮುಟ್ಟದೆ ಬಿಡಿ. ಪುಡಿ ನೀರು ಕುಡಿದು ನೆನೆಯುತ್ತದೆ. ಆಮೇಲೆ ಚಮಚದಿಂದ ತಿರುಗಿಸಿ. ಹಾಕಿದ ಕೂಡಲೇ ಕಲಕಿದರೆ ಗಂಟು ಕಟ್ಟುತ್ತದೆ. ಎಷ್ಟು ತಿರುಗಿಸಿದರೂ ಸಕ್ಕರೆಯಂತೆ ಕರಗುವುದಿಲ್ಲ, ಸಣ್ಣ ಮರಳಿನಂತೆ ನಾಲಗೆಗೆ ತಗಲುತ್ತದೆ. ಅದು ಅದರ ಗುಣ, ಔಷಧ ಕೆಟ್ಟಿದೆ ಎಂದಲ್ಲ. ಕುಡಿದ ಮೇಲೆ ಲೋಟದ ತಳದಲ್ಲಿ ಉಳಿದದ್ದಕ್ಕೆ ಇನ್ನಷ್ಟು ನೀರು ಹಾಕಿ ಅಲ್ಲಾಡಿಸಿ ಅದನ್ನೂ ಕುಡಿಯಿರಿ. ಸೋಡಾದಲ್ಲಿ ಕಲಸಿದರೆ ನೊರೆ ಉಕ್ಕುತ್ತದೆ. ಒಣ ಪುಡಿಯನ್ನು ಮಾತ್ರ ಯಾವ ಕಾರಣಕ್ಕೂ ಬಾಯಿಗೆ ಹಾಕಿಕೊಳ್ಳಬೇಡಿ, ಗಂಟಲಿಗೆ ಸಿಕ್ಕಿ ಉಸಿರುಗಟ್ಟಬಹುದು. ಗುಟುಕು ಗುಟುಕಾಗಿ ಬಾಯಲ್ಲಿ ಹಿಡಿದುಕೊಂಡು ಕುಡಿಯುತ್ತಾ ಕೂತರೆ ಹಲ್ಲಿನ ಬಣ್ಣ ಕೆಡುತ್ತದೆ, ಎನಾಮೆಲ್ ಸವೆಯುತ್ತದೆ.

ಹೊತ್ತಿನ ಲೆಕ್ಕ ಹೀಗೆ: ಬೇರೆ ಮಾತ್ರೆಗಳನ್ನು ಪುಡಿಗಿಂತ ಕನಿಷ್ಠ 1 ಗಂಟೆ ಮೊದಲು, ಇಲ್ಲವೇ 4ರಿಂದ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಪುಡಿ ಊಟದ ಜತೆಗೆ. ಥೈರಾಯ್ಡ್ ಮಾತ್ರೆಗೆ ಮಾತ್ರ ಪುಡಿಗಿಂತ 4 ಗಂಟೆಯಾದರೂ ಮುಂಚಿನ ಹೊತ್ತು ಬೇಕು. ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ ನುಂಗುವವರಿಗೆ ಮಧ್ಯಾಹ್ನ 1ರ ಊಟಕ್ಕೆ ಮೊದಲ ಸ್ಯಾಚೆಟ್, ಸಂಜೆ 7ಕ್ಕೆ ಉಳಿದ ಮಾತ್ರೆಗಳು, 8ರ ಊಟಕ್ಕೆ ಎರಡನೆಯದು ಹೊಂದಿಕೊಳ್ಳುತ್ತದೆ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ), ಡಿಗಾಕ್ಸಿನ್ (ಹೃದಯದ ಮಾತ್ರೆ), ಬಿಪಿಯ ಕೆಲವು ಮಾತ್ರೆ, ಸ್ಟಾಟಿನ್, ಗರ್ಭನಿರೋಧಕ ಮಾತ್ರೆ ಎಲ್ಲಕ್ಕೂ 1 ಗಂಟೆ ಮೊದಲು, ಇಲ್ಲವೇ 4ರಿಂದ 6 ಗಂಟೆ ನಂತರ ಎಂಬ ಅಂತರ ಬೇಕು. ಹೆಚ್ಚಿನವರು ಮರೆಯುವುದು ಇನ್ನೊಂದು: ಪುಡಿ ನಿಲ್ಲಿಸುವಾಗಲೂ ಡಾಕ್ಟರಿಗೆ ಹೇಳಬೇಕು. ಪುಡಿ ಇದ್ದಾಗ ಹೊಂದಿಸಿದ ಡಿಗಾಕ್ಸಿನ್ ಪ್ರಮಾಣ ಪುಡಿ ನಿಂತ ಮೇಲೆ ಪೂರ್ತಿ ಮೈಗೆ ಹತ್ತಿ ವಿಷವಾಗಬಹುದು.

ಶುರುವಿನಲ್ಲಿ ದಿನಕ್ಕೆ 4 ಗ್ರಾಂ ಒಂದು ಅಥವಾ ಎರಡು ಸಲ. ಆಮೇಲೆ ಡಾಕ್ಟರು ನಿಧಾನವಾಗಿ 8ರಿಂದ 16 ಗ್ರಾಂಗೆ ಏರಿಸುತ್ತಾರೆ. 24 ಗ್ರಾಂ ಮೇಲ್ಮಿತಿ. ಅವಸರದಿಂದ ಏರಿಸಿದರೆ ಹೊಟ್ಟೆ ಉಬ್ಬರ, ಮಲಬದ್ಧತೆ ಗ್ಯಾರಂಟಿ. ಹೆಚ್ಚಿನವರು ಈ ಔಷಧ ಬಿಡುವುದೇ ಮಲಬದ್ಧತೆಗೆ. ಮೊದಲ ದಿನದಿಂದಲೇ ನೀರು, ಸೊಪ್ಪು, ಹಣ್ಣು ಹೆಚ್ಚಿಸಿ. ಮೂಲವ್ಯಾಧಿ ಇದ್ದರೆ ಮುಂಚೆಯೇ ತಿಳಿಸಿ.

ಇಷ್ಟು ಕಷ್ಟಪಟ್ಟಿದ್ದಕ್ಕೆ ಫಲವುಂಟು. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 3,806 ಗಂಡಸರನ್ನು 7 ವರ್ಷಕ್ಕೂ ಮೇಲ್ಪಟ್ಟು ಗಮನಿಸಿದಾಗ, ಈ ಪುಡಿ ಕುಡಿದವರಲ್ಲಿ ಹೃದಯಾಘಾತ ಮತ್ತು ಹೃದ್ರೋಗದ ಸಾವು ಒಟ್ಟಾಗಿ 19% ಕಡಿಮೆಯಾಗಿತ್ತು. ಸರಿಯಾಗಿ ಕುಡಿದವರಲ್ಲಿ ಎಲ್‌ಡಿಎಲ್ ಹೆಚ್ಚು ಇಳಿದಿತ್ತು.

ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಹೆಚ್ಚಿರುವವರಿಗೆ ಇದು ಹೊಂದುವುದಿಲ್ಲ, ಅದನ್ನು ಇನ್ನಷ್ಟು ಏರಿಸುತ್ತದೆ. ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಅದು 300 mg/dL ದಾಟಿದ್ದರೆ ಸಾಮಾನ್ಯವಾಗಿ ಬರೆಯುವುದಿಲ್ಲ. ಪಿತ್ತನಾಳ ಪೂರ್ತಿ ಕಟ್ಟಿಕೊಂಡವರಿಗೂ ಬೇಡ. ತಿಂಗಳುಗಟ್ಟಲೆ ಕುಡಿಯುವಾಗ ಎ, ಡಿ, ಇ, ಕೆ ವಿಟಮಿನ್‌ಗಳು ಕಡಿಮೆಯಾಗಬಹುದು. ವಸಡಲ್ಲಿ ರಕ್ತ, ಕಾರಣವಿಲ್ಲದ ಕಂದುಗಲೆ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಡಾಕ್ಟರನ್ನು ಕಾಣಿ.