ತೌಡಿನ ಎಣ್ಣೆಯಲ್ಲಿ ಹಳದಿ ಪಟ್ಟಿ

ತೌಡು ಕುಟ್ಟುವುದೆಂದರೆ ಕೆಲಸಕ್ಕೆ ಬಾರದ ಕೆಲಸ ಎನ್ನುತ್ತಾರೆ. ನನಗೆ ಸಂಬಳ ಬರುವುದು ಅದರಿಂದಲೇ. ಅಕ್ಕಿ ಪಾಲಿಶ್ ಆದ ಗಳಿಗೆಯಿಂದಲೇ ತೌಡಿನೊಳಗಿನ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ. ಹಾಗೆ ಒಡೆದು ಬೇರೆಯಾದ ಬಿಡಿ ಕೊಬ್ಬಿನಾಮ್ಲ ಏರುತ್ತಾ ಹೋಗುತ್ತದೆ. ಎಷ್ಟು ಏರಿತೆಂದು ಟೈಟ್ರೇಶನ್ (ಕ್ಷಾರವನ್ನು ಹನಿಹನಿಯಾಗಿ ಹಾಕಿ ಆಮ್ಲ ಅಳೆಯುವ ಪರೀಕ್ಷೆ) ಹೇಳುತ್ತದೆ, ಯಾವ ಯಾವ ಆಮ್ಲವೆಂದು ಹೇಳುವುದಿಲ್ಲ. ಅದಕ್ಕೆ ಮೊದಲು ಸಿಲಿಕಾ ಪುಡಿ ತೆಳುವಾಗಿ ಲೇಪಿಸಿದ ತಟ್ಟೆಯ ಮೇಲೆ ಬೇರ್ಪಡಿಸಬೇಕು. ಆದರೆ ಕೊಬ್ಬಿನಾಮ್ಲಕ್ಕೆ ಬಣ್ಣವಿಲ್ಲ, ತಟ್ಟೆಯ ಮೇಲೆ ಕಾಣುವುದಿಲ್ಲ.

ಅಯೋಡಿನ್ ಹೊಗೆ ಹಿಡಿಸಿದರೆ ಹೆಚ್ಚಾಗಿ ಅಪರ್ಯಾಪ್ತ (ಇಂಗಾಲದ ಜೋಡಿ ಬಂಧವಿರುವ) ಆಮ್ಲಗಳಿಗೇ ಅಂಟಿಕೊಳ್ಳುತ್ತದೆ. ಗಂಧಕಾಮ್ಲ ಸಿಂಪಡಿಸಿ ಕಾಯಿಸಿದರೆ ಎಲ್ಲವೂ ಸುಟ್ಟು ಕರಕಲು. ಮಾದರಿ ಉಳಿಯಬೇಕೆಂದರೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಪ್ರತಿದೀಪ್ತ ಬಣ್ಣವೇ ಸರಿ. ನಾನು ಬಳಸುವುದು ಡೈಕ್ಲೋರೋಫ್ಲೋರೆಸೀನ್: 100 ಮಿ.ಲೀ. ಎಥನಾಲಿಗೆ 0.1 ಗ್ರಾಂ.

ತಟ್ಟೆಯನ್ನು 110 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಿ. ಗೆರೆ ಎಳೆಯಲು ಪೆನ್ಸಿಲ್ ಮಾತ್ರ. ಪೆನ್ನಿನ ಶಾಯಿಯೂ ದ್ರಾವಕದ ಜೊತೆ ಮೇಲೇರುತ್ತದೆ. ಗೆರೆಯ ಮೇಲೆ ಎಣ್ಣೆಯ ಚುಕ್ಕೆ ಇಡಿ, ಅದರ ಪಕ್ಕದಲ್ಲಿ ಹೋಲಿಕೆಗೆ ಶುದ್ಧ ಓಲಿಕ್ ಆಮ್ಲದ (ಅದೂ ಒಂದು ಕೊಬ್ಬಿನಾಮ್ಲ) ಒಂದು ಚುಕ್ಕೆ ಇರಲಿ. ಹೆಕ್ಸೇನ್, ಈಥರ್, ಅಸಿಟಿಕ್ ಆಮ್ಲ 80:20:1ರ ಅನುಪಾತದಲ್ಲಿ ಬೆರೆಸಿ, ತಟ್ಟೆಯ ಬುಡವನ್ನು ಅದರಲ್ಲಿ ನಿಲ್ಲಿಸಿ ದ್ರಾವಕ ಮೇಲೇರಲು ಬಿಡಿ. ಒಡೆಯದ ಎಣ್ಣೆ ಮೇಲೆ ಹೋಗುತ್ತದೆ, ಬಿಡಿ ಆಮ್ಲ ಅದಕ್ಕಿಂತ ಕೆಳಗೆ ನಿಲ್ಲುತ್ತದೆ. ಬಳಿಕ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಹೊಗೆಗೂಡಿನಲ್ಲಿ ಒಣಗಲಿ. ಅಸಿಟಿಕ್ ಆಮ್ಲ ಉಳಿದರೆ ಬಣ್ಣದ ಹೊಳಪು ಮಂಕಾಗುತ್ತದೆ. ಆತುರಗಾರರು ಎಡವುವುದು ಇಲ್ಲಿಯೇ.

ಸಿಂಪಡಿಸುವ ಮೊದಲು ಒಮ್ಮೆ 366 ನ್ಯಾನೊಮೀಟರ್ ನೇರಳಾತೀತ ದೀಪದಡಿ ನೋಡಿ, ಕನ್ನಡಕ ಹಾಕಿಕೊಂಡು. ತೌಡಿನ ಎಣ್ಣೆಯಲ್ಲೇ ಇರುವ ಒರೈಜನಾಲ್ ಎಂಬ ವಸ್ತು ತಾನಾಗಿಯೇ ನೀಲಿಯಾಗಿ ಹೊಳೆಯುತ್ತದೆ. ಅದರ ಸುತ್ತ ಪೆನ್ಸಿಲ್ ಗುರುತು ಮಾಡದಿದ್ದರೆ ಆಮೇಲೆ ಯಾವುದು ಯಾವುದೆಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಈಗ ಮಂಜಿನಂತೆ ತೆಳುವಾಗಿ ಸಿಂಪಡಿಸಿ, ತಟ್ಟೆ ತೊಟ್ಟಿಕ್ಕಬಾರದು. ಮತ್ತೆ ಅದೇ ದೀಪದಡಿ ಹಿಡಿದರೆ ನೇರಳೆ ಛಾಯೆಯ ಹಿನ್ನೆಲೆಯಲ್ಲಿ ಹಳದಿ ಪಟ್ಟಿಗಳು ಏಳುತ್ತವೆ. ನನ್ನ ಮೊದಲ ತಟ್ಟೆಯ ಅಂಚಿನಲ್ಲಿ ಅಂಡಾಕಾರದ ಹಳದಿ ಗುರುತೊಂದು ಎದ್ದಿತ್ತು, ಒಳಗೆ ಸುರುಳಿ ಗೆರೆಗಳು. ಹೊಸ ಲಿಪಿಡ್ (ಕೊಬ್ಬಿನ ಜಾತಿಯ ವಸ್ತು) ಸಿಕ್ಕಿತೆಂದು ಹಿಗ್ಗಿದ್ದೆ. ಅದು ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದ ನನ್ನದೇ ಹೆಬ್ಬೆರಳು. ಅಂದಿನಿಂದ ಕೈಗವಸಿಲ್ಲದೆ ತಟ್ಟೆ ಮುಟ್ಟಿಲ್ಲ.

ಓಲಿಕ್ ಚುಕ್ಕೆಯ ನೇರಕ್ಕಿರುವ ಪಟ್ಟಿಯನ್ನು ಬ್ಲೇಡಿನಿಂದ ಕೆರೆದು, ಆಮ್ಲ ಬೆರೆಸಿದ ಮೆಥನಾಲಿನಲ್ಲಿ ಕಾಯಿಸಿ, ಸುಲಭವಾಗಿ ಆವಿಯಾಗುವ ಮೀಥೈಲ್ ಎಸ್ಟರ್ ಮಾಡಿ. ನೀರು, ಹೆಕ್ಸೇನ್ ಸೇರಿಸಿ ಕುಲುಕಿದರೆ ಎಸ್ಟರ್ ಮೇಲಿನ ಹೆಕ್ಸೇನಿಗೆ ಬರುತ್ತದೆ, ಬಣ್ಣ ಕೆಳಗೇ ಉಳಿಯುತ್ತದೆ. ಮೇಲಿನ ಪದರವನ್ನು, ಆವಿಯಾಗಿಸಿ ಒಂದೊಂದನ್ನೂ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫಿಗೆ ಕೊಡಿ. ಪಾಮಿಟಿಕ್, ಓಲಿಕ್, ಲಿನೊಲಿಕ್ ಆಮ್ಲಗಳು ಮೂರೂ ಎದ್ದು ಕಾಣುತ್ತವೆ.