ಇಂಡೋಲ್ ಬ್ಯೂಟಿರಿಕ್ ಆಮ್ಲ: ಕಡ್ಡಿಗೆ ಬೇರು ಬರಿಸುವ ದ್ರಾವಣ ತಯಾರಿಸುವ ಕ್ರಮ

ದಾಳಿಂಬೆ, ಗುಲಾಬಿ, ಬೋಗನ್‌ವಿಲ್ಲಾ ಗಿಡಗಳನ್ನು ಕಡ್ಡಿಯಿಂದ ಬೆಳೆಸುವವರು ‘ಐಬಿಎ’ ಎಂದು ಕರೆಯುವ ಬಿಳಿ ಪುಡಿಯೇ ಇಂಡೋಲ್-3-ಬ್ಯೂಟಿರಿಕ್ ಆಮ್ಲ. ಇದನ್ನು ನೇರವಾಗಿ ನೀರಿಗೆ ಹಾಕಿ ಕಲಕಿ, ತಳದಲ್ಲಿ ಪುಡಿ ಹಾಗೆಯೇ ಉಳಿದಿದ್ದರೂ ಗಮನಿಸದೆ ಕಡ್ಡಿಗಳನ್ನು ಅದ್ದಿ, ಬೇರು ಬಾರದಿದ್ದಾಗ ಪುಡಿಯೇ ಕಳಪೆ ಎನ್ನುವವರು ಅನೇಕರಿದ್ದಾರೆ. ಪುಡಿಯನ್ನು ದೂರುವ ಮೊದಲು ಕರಗಿಸಿದ ಕ್ರಮವನ್ನು ಪರಿಶೀಲಿಸಬೇಕು.

ಐಬಿಎಯ ಹೆಸರಿನಲ್ಲಿರುವ ಇಂಡೋಲ್ ಒಂದು ಆರೋಮ್ಯಾಟಿಕ್ ಸಂಯುಕ್ತ, ಎಂದರೆ ಕೆಲವು ಎಲೆಕ್ಟ್ರಾನ್‌ಗಳು ಇಡೀ ಉಂಗುರಕ್ಕೆ ಹಂಚಿಹೋಗಿರುವ ಸಂಯುಕ್ತ; ಅದರಲ್ಲಿ ಆರು ಇಂಗಾಲಗಳ ಬೆಂಜೀನ್ ಉಂಗುರವೂ ನೈಟ್ರೋಜನ್ ಇರುವ ಐದು ಪರಮಾಣುಗಳ ಪಿರೋಲ್ ಉಂಗುರವೂ ಒಂದು ಅಂಚಿನಲ್ಲಿ ಬೆಸೆದುಕೊಂಡಿವೆ. ನೈಟ್ರೋಜನ್ನಿನ ಒಂಟಿ ಎಲೆಕ್ಟ್ರಾನ್ ಜೋಡಿಯು ಹೀಗೆ ಹಂಚಿಹೋಗಿರುವ ಹತ್ತು ಎಲೆಕ್ಟ್ರಾನ್‌ಗಳಲ್ಲಿ (ಪೈ ಎಲೆಕ್ಟ್ರಾನ್‌ಗಳು) ಸೇರಿಹೋಗುವುದರಿಂದ ಇಂಡೋಲ್ ಪ್ರತ್ಯಾಮ್ಲದಂತೆ, ಎಂದರೆ ಆಮ್ಲವನ್ನು ತಟಸ್ಥಗೊಳಿಸುವ ವಸ್ತುವಿನಂತೆ, ವರ್ತಿಸುವುದಿಲ್ಲ. ಐಬಿಎ ಅಣುವಿನಲ್ಲಿ ಈ ದೊಡ್ಡ ಉಂಗುರಭಾಗ ನೀರಿನೊಂದಿಗೆ ಬೆರೆಯದು. ಉಂಗುರಕ್ಕೆ ಬಾಲದಂತೆ ಅಂಟಿಕೊಂಡ ಇಂಗಾಲದ ಸರಪಳಿಯ ತುದಿಯ ಆಮ್ಲಭಾಗವೊಂದೇ ಬೆರೆಯಬಲ್ಲದು. ಹೀಗಾಗಿ ಐಬಿಎ ಆಲ್ಕೋಹಾಲಿನಲ್ಲಿ ಸುಲಭವಾಗಿಯೂ ನೀರಿನಲ್ಲಿ ಅತ್ಯಲ್ಪವಾಗಿಯೂ ಕರಗುತ್ತದೆ. ಸಸ್ಯಗಳ ಸ್ವಂತ ಚೋದಕವಾದ (ಹಾರ್ಮೋನ್) ಇಂಡೋಲ್ ಅಸಿಟಿಕ್ ಆಮ್ಲವು ಬೆಳಕಿನಲ್ಲಿ ಬೇಗನೆ ಕೆಡುತ್ತದೆ. ಐಬಿಎ ಅದಕ್ಕಿಂತ ಹೆಚ್ಚು ಕಾಲ ಉಳಿಯುವುದರಿಂದಲೇ ನರ್ಸರಿ ಕೆಲಸಕ್ಕೆ ಒಗ್ಗಿದೆ.

ದಾಳಿಂಬೆಯ ಬಲಿತ ಕಡ್ಡಿಗಳಿಗೆ ಸಾಮಾನ್ಯವಾಗಿ 2000ದಿಂದ 3000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ದ್ರಾವಣ ಬೇಕು. ಒಂದು ಲೀಟರಿಗೆ ಒಂದು ಗ್ರಾಂ ಎಂದರೆ 1000 ಪಿಪಿಎಂ. ಆದ್ದರಿಂದ 1 ಗ್ರಾಂ ಪುಡಿಗೆ ಒಟ್ಟು 400 ಮಿಲಿ ದ್ರಾವಣ ಮಾಡಿದರೆ 2500 ಪಿಪಿಎಂ ಆಗುತ್ತದೆ. ಅಂದಾಜಿನ ಚಮಚ ಸಲ್ಲದು. ಪತ್ತಾರರ ಬಳಿ ಇರುವಂತಹ ಸೂಕ್ಷ್ಮ ತಕ್ಕಡಿಯೇ ಬೇಕು. ಮೊದಲು 200 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಪುಡಿ ಪೂರ್ತಿ ಕರಗಲಿ. ಅನಂತರ 200 ಮಿಲಿ ಡಿಸ್ಟಿಲ್ಡ್ ವಾಟರನ್ನು ಕಲಕುತ್ತ ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಹಾಲಿನಂತೆ ಬೆಳ್ಳಗಾದರೆ ಆಮ್ಲ ಹೊರಬೀಳುತ್ತಿದೆ ಎಂದರ್ಥ. ಆಗ ಇನ್ನಷ್ಟು ಆಲ್ಕೋಹಾಲ್ ಸೇರಿಸಬೇಕು. ಗದಗ ಕಡೆಯ ಗಡಸು ಕೊಳವೆಬಾವಿ ನೀರನ್ನು ಇದಕ್ಕೆ ಬಳಸದಿರುವುದು ಲೇಸು. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುವುದರಿಂದ ಒಲೆಯ ಹತ್ತಿರ ಈ ಕೆಲಸ ಬೇಡ, ಕೈಗವಸು ಇರಲಿ.

ಪೆನ್ಸಿಲ್ ದಪ್ಪದ, ಸುಮಾರು 20 ಸೆಂ.ಮೀ. ಉದ್ದದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಬುಡದ ಎರಡು-ಮೂರು ಸೆಂ.ಮೀ. ಭಾಗವನ್ನು ಐದರಿಂದ ಹತ್ತು ಸೆಕೆಂಡು ಮಾತ್ರ ಅದ್ದಬೇಕು. ಆಲ್ಕೋಹಾಲ್ ಆರಿದ ಮೇಲೆ ಉಸುಕು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ, ಮೊದಲೇ ತೂತು ಮಾಡಿ ನೆಡಬೇಕು. ಹೆಚ್ಚು ಹೊತ್ತು ಅದ್ದಿದರೆ ಹೆಚ್ಚು ಬೇರು ಬರುತ್ತದೆಂಬ ನಂಬಿಕೆ ತಪ್ಪು: ಅತಿಯಾದರೆ ಬುಡ ಕಪ್ಪಾಗಿ ಕೊಳೆಯುತ್ತದೆ, ಕಣ್ಣುಗಳೂ ಚಿಗುರುವುದಿಲ್ಲ. ದ್ರಾವಣವನ್ನು ಸಣ್ಣ ಬಟ್ಟಲಿಗೆ ಸುರಿದುಕೊಂಡು ಬಳಸಬೇಕು, ಉಳಿದದ್ದನ್ನು ಮರಳಿ ಸೀಸೆಗೆ ಹಾಕಬಾರದು. ದಾಳಿಂಬೆಯ ದುಂಡಾಣು ಅಂಗಮಾರಿ (ಬ್ಯಾಕ್ಟೀರಿಯಾದಿಂದ ಬರುವ ರೋಗ) ಕಡ್ಡಿಗಳ ಮೂಲಕವೂ ಹರಡುವುದರಿಂದ, ರೋಗವಿರುವ ತೋಟದ ಕಡ್ಡಿಯನ್ನು ಎಷ್ಟೇ ಚೆನ್ನಾಗಿ ಕಂಡರೂ ತರಬಾರದು. ಸೀಸೆಯನ್ನು ಬೆಳಕು ತಾಗದಂತೆ ತಂಪಾದ ಕಡೆ ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಧಾರವಾಡದ ಆಪುಸ್ ಮಾವಿನ ಕಡ್ಡಿಗೂ ಇದರಿಂದ ಬೇರು ಬರಿಸಬಹುದೇ ಎಂದು ಕೇಳುವವರಿದ್ದಾರೆ. ಮಾವಿನ ಕಡ್ಡಿ ಬೇರು ಬಿಡುವುದು ಬಹಳ ಕಷ್ಟ. ಅದಕ್ಕೆ ಮಾವಿನ ಓಟೆಯಿಂದ (ಗೊರಟೆ) ಬೆಳೆಸಿದ ಸಸಿಯ ಮೇಲೆ ಕಸಿ ಕಟ್ಟುವುದೇ ಸರಿಯಾದ ದಾರಿ.