ಇಗರ್ಜಿಯ ಗಿಟಾರಿನಿಂದ ಬ್ಲೂಸ್‌ಗೆ: ತಂತಿ ಎಳೆಯುವುದನ್ನು ಸರಿಯಾಗಿ ಕಲಿಯಿರಿ

ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿಯಲ್ಲಿ ಗಿಟಾರ್ ನುಡಿಸುವವರಿಗೆ ಕೊರತೆಯಿಲ್ಲ. ಇಗರ್ಜಿಯ ಗಾಯನ ಮಂಡಳಿಯಲ್ಲಿ ಪಳಗಿದವರಿದ್ದಾರೆ, ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಚಿತ್ರಗೀತೆಗಳಿಗೆ ಸಾಥ್ ಕೊಟ್ಟವರಿದ್ದಾರೆ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರದ ಕಡೆ ಹೋದರೆ ವರ್ಷಗಟ್ಟಲೆ ಹಿಂದೂಸ್ತಾನಿ ಕಲಿತು ಆಮೇಲೆ ಗಿಟಾರ್ ಕೈಗೆತ್ತಿಕೊಂಡವರೂ ಸಿಗುತ್ತಾರೆ. ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಕಲಿಯಲು ಬಂದಾಗ ಇವರು ಎಡವುವ ಜಾಗ ಬೇರೆ ಬೇರೆ. ಇಗರ್ಜಿಯವರಿಗೆ ಕಾರ್ಡ್‌ಗಳೆಲ್ಲ (ಒಟ್ಟಿಗೆ ಮೊಳಗುವ ಸ್ವರಗುಚ್ಛಗಳು) ಬಾಯಿಪಾಠ, ಆದರೆ ತಂತಿ ಎಳೆಯಿರಿ ಎಂದರೆ ಕೈ ಹಿಂಜರಿಯುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಕೇಳಿ ಬೆಳೆದ ಹಿಂದೂಸ್ತಾನಿಯವರಿಗೆ ಎಳೆದ ಸ್ವರ ಎಲ್ಲಿ ನಿಲ್ಲಬೇಕೆಂದು ಕಿವಿಯೇ ಹೇಳುತ್ತದೆ. ಆದರೆ ಅವರು ಆಲಾಪದ ಗುಂಗಿಗೆ ಬಿದ್ದರೆಂದರೆ ಎಣಿಕೆ ತಪ್ಪಿತೆಂದೇ ಲೆಕ್ಕ. ಆರ್ಕೆಸ್ಟ್ರಾದವರಿಗೆ ಮೌನ ಆಗಿಬರುವುದಿಲ್ಲ, ಖಾಲಿ ಜಾಗ ಕಂಡಲ್ಲೆಲ್ಲ ಸ್ವರ ತುಂಬುತ್ತಾರೆ.

ಮೊದಲು ವಾದ್ಯ. ನೈಲಾನ್ ತಂತಿಯ ಗಿಟಾರ್ ಇದ್ದರೆ ಅದನ್ನು ಪಕ್ಕಕ್ಕಿಡಿ, ನೈಲಾನ್ ಎಷ್ಟು ಎಳೆದರೂ ಸ್ವರ ಬೇಕಾದಷ್ಟು ಏರುವುದಿಲ್ಲ. ಎಲೆಕ್ಟ್ರಿಕ್ ಇದ್ದರೆ ಒಳ್ಳೆಯದು, ಅಕೂಸ್ಟಿಕ್ ಆದರೂ ನಡೆಯುತ್ತದೆ. ಯಾವುದಾದರೂ ಸರಿ, ಎಲ್ಲಕ್ಕಿಂತ ತೆಳುವಾದ ಮೊದಲ ತಂತಿ 0.010 ಇಂಚು ಇರುವ ಸೆಟ್ ಹಾಕಿಸಿ. ಅಕೂಸ್ಟಿಕ್‌ಗೆ ಸಾಮಾನ್ಯವಾಗಿ ಬರುವ 0.012ರ ಸೆಟ್‌ನಲ್ಲಿ ಬೆಂಡ್ (ತಂತಿ ಎಳೆದು ಸ್ವರ ಏರಿಸುವುದು) ಕಲಿಯಲು ಹೊರಟರೆ ಬೆರಳು ಸುಲಿಯುವುದೇ ಲಾಭ. ಬ್ಯಾಗ್, ಬೆಲ್ಟ್, ಪಿಕ್ ಎಲ್ಲ ಸೇರಿಸಿ ಆನ್‌ಲೈನಿನಲ್ಲಿ ಮಾರುವ ಅಗ್ಗದ ಗಿಟಾರ್‌ಗಳನ್ನು ದಯವಿಟ್ಟು ಕೊಳ್ಳಬೇಡಿ. ಅವುಗಳಲ್ಲಿ ತಂತಿ ಬಿಗಿಯುವ ಕಿವಿ ಸಡಿಲ, ಒಂದು ಬೆಂಡ್ ಮಾಡಿದರೆ ಶ್ರುತಿ ಇಳಿದಿರುತ್ತದೆ. ಆಮೇಲೆ ತಪ್ಪಿದ್ದು ಬೆರಳೋ ವಾದ್ಯವೋ ಎಂದೇ ತಿಳಿಯುವುದಿಲ್ಲ. ಸಮುದ್ರದ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಪ್ರತಿಸಲವೂ ಒಣಬಟ್ಟೆಯಿಂದ ಒರೆಸಿ. ಕೊಬ್ಬರಿ ಎಣ್ಣೆ ಸವರುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಸುತ್ತಿದ ತಂತಿಗಳ ಸಂದಿಯಲ್ಲಿ ಜಿಡ್ಡು ಕೂತು ನಾದ ಮಂಕಾಗುತ್ತದೆ. ಕುತ್ತಿಗೆಗೆ ಕಚ್ಚಿಸುವ ಕ್ಲಿಪ್ಪಾದ ಕಾಪೊವನ್ನು ಸದ್ಯಕ್ಕೆ ಡ್ರಾಯರಿಗೆ ಹಾಕಿ.

ಎರಡನೆಯದು ಹನ್ನೆರಡು ಬಾರ್, ಅಂದರೆ ನಾಲ್ಕು ನಾಲ್ಕು ಬೀಟಿನ ಹನ್ನೆರಡು ಅಳತೆಗಳ ಒಂದು ಸುತ್ತು. ನಾಲ್ಕು ಬಾರ್ ಎ ಸೆವೆನ್ ಕಾರ್ಡ್, ಎರಡು ಡಿ ಸೆವೆನ್, ಮತ್ತೆ ಎರಡು ಎ ಸೆವೆನ್, ಆಮೇಲೆ ಒಂದೊಂದೇ ಬಾರ್ ಇ ಸೆವೆನ್, ಡಿ ಸೆವೆನ್, ಎ ಸೆವೆನ್, ಇ ಸೆವೆನ್. ಇದನ್ನು ಕಲಿಯಲು ಒಂದು ಸಂಜೆ ಸಾಕು.

ಮೂರನೆಯದು ಶಫಲ್ ನಡೆ. ಇಗರ್ಜಿಯ ಹಾಡುಗಳಲ್ಲಿ ಕೈ ಸಮನಾಗಿ ಕೆಳಗೆ ಮೇಲೆ ಓಡುತ್ತದೆ, ಇಲ್ಲಿ ಹಾಗೆ ಓಡಿಸಬಾರದು. ಪ್ರತಿ ಬೀಟನ್ನು 'ತಕಿಟ' ಎಂದು ಮೂರು ಭಾಗ ಮಾಡಿ, ನಡುವಿನ 'ಕಿ'ಯನ್ನು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಬಿಟ್ಟುಬಿಡಿ. ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್ಟನ್ನು (ಕುತ್ತಿಗೆಯ ಅಡ್ಡಪಟ್ಟಿಗಳ ನಡುವಿನ ಮನೆ) ತೋರುಬೆರಳಿನಿಂದ ಒತ್ತಿ, ಖಾಲಿ ಬಿಟ್ಟ ಐದನೆಯ ತಂತಿಯ ಜೊತೆ ಒಂದು ಬೀಟ್ ನುಡಿಸಿ. ಮುಂದಿನ ಬೀಟಿಗೆ ಅದೇ ತಂತಿಯ ನಾಲ್ಕನೆಯ ಫ್ರೆಟ್ಟಿಗೆ ಉಂಗುರ ಬೆರಳನ್ನು ಇಡಿ. ಇದೇ ಆಕಾರವನ್ನು ಒಂದು ತಂತಿ ನೆಲದ ಕಡೆಗೆ ಸರಿಸಿದರೆ ಡಿ, ಒಂದು ತಂತಿ ಸೂರಿನ ಕಡೆಗೆ ಸರಿಸಿದರೆ ಇ. ನಿಮಿಷಕ್ಕೆ 60 ಬೀಟ್ ಸಾಕು. ಇದಕ್ಕಿಂತ ವೇಗವಾಗಿ ಆರಂಭಿಸಿದವರ ಶಫಲ್ ತಾನಾಗಿ ಸಮನಡೆಗೆ ಜಾರುತ್ತದೆ.

ಇನ್ನು ಸ್ವರಗಳು. ಎ, ಸಿ, ಡಿ, ಇ, ಜಿ ಎಂಬ ಐದೇ ಸ್ವರ. ಎಯನ್ನು ಷಡ್ಜವೆಂದು ಹಿಡಿದರೆ ಸ, ಕೋಮಲ ಗ, ಮ, ಪ, ಕೋಮಲ ನಿ. ಹಿಂದೂಸ್ತಾನಿಯವರಿಗೆ ಇದು ಧಾನಿ ರಾಗದ ಸ್ವರಗಳೆಂದು ಕೂಡಲೇ ಹೊಳೆಯುತ್ತದೆ, ಮುಖ ಅರಳುತ್ತದೆ. ಅಷ್ಟಕ್ಕೇ ಹಿಗ್ಗಬೇಡಿ. ಕೆಳಗೆ ಮೊಳಗುವ ಎ ಸೆವೆನ್ ಕಾರ್ಡ್‌ನಲ್ಲಿ ಶುದ್ಧ ಗ ಇದೆ, ಮೇಲೆ ನೀವು ನುಡಿಸುವುದು ಕೋಮಲ ಗ. ರಾಗದಲ್ಲಾದರೆ ದೋಷವೆನಿಸುವ ಈ ತಿಕ್ಕಾಟವೇ ಬ್ಲೂಸ್‌ನ ಬಣ್ಣ. ಐದನೆಯ ಫ್ರೆಟ್ಟಿನಿಂದ ಎಂಟನೆಯದರವರೆಗಿನ ಒಂದೇ ಚೌಕದಲ್ಲಿ ಈ ಸ್ವರಗಳೆಲ್ಲ ಸಿಗುತ್ತವೆ. ಐದೂ ಚೌಕಗಳನ್ನು ಒಂದೇ ವಾರದಲ್ಲಿ ಕಲಿಸುತ್ತೇವೆಂಬ ಚಾರ್ಟ್‌ಗಳನ್ನು ಗೋಡೆಗೆ ಅಂಟಿಸಿಕೊಂಡವರು ಚೌಕಗಳನ್ನು ಕಲಿಯುತ್ತಾರೆ, ಬ್ಲೂಸ್ ಕಲಿಯುವುದಿಲ್ಲ.

ಈಗ ಬೆಂಡ್. ಬಹಳಷ್ಟು ಜನ ಕೆಡಿಸುವುದು ಇಲ್ಲಿಯೇ, ಹಾಗಾಗಿ ನಿಧಾನವಾಗಿ ಓದಿ.

ಮೂರನೆಯ ತಂತಿ, ಏಳನೆಯ ಫ್ರೆಟ್. ಅದು ಡಿ, ಅಂದರೆ ನಮ್ಮ ಮ. ಅದನ್ನು ಎಳೆದು ಪಂಚಮಕ್ಕೆ ಮುಟ್ಟಿಸಬೇಕು. ತಂತಿ ಮುಟ್ಟುವ ಮುಂಚೆ ಮೊಬೈಲಿನ ತಾನ್ಪುರ ಆ್ಯಪ್‌ನಲ್ಲಿ ಎ ಶ್ರುತಿ ಇಡಿ, ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಆರು. ಮೊದಲು ಒಂಬತ್ತನೆಯ ಫ್ರೆಟ್ಟನ್ನು ಸುಮ್ಮನೆ ಒತ್ತಿ ನುಡಿಸಿ. ತಲುಪಬೇಕಾದ ಪ ಅದೇ. ಅದನ್ನು ಬಾಯಲ್ಲಿ ಹಾಡಿ. ಹಾಡಲು ಸಂಕೋಚಪಡುವವರ ಬೆಂಡ್ ಸದಾ ಅರ್ಧದಲ್ಲೇ ನಿಲ್ಲುವುದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಈಗ ಉಂಗುರ ಬೆರಳು ಏಳನೆಯ ಫ್ರೆಟ್ಟಿನಲ್ಲಿ, ಮಧ್ಯದ ಬೆರಳು ಆರರಲ್ಲಿ, ತೋರುಬೆರಳು ಐದರಲ್ಲಿ, ಮೂರೂ ಅದೇ ತಂತಿಯ ಮೇಲೆ. ತಂತಿಯನ್ನು ತಳ್ಳುವುದು ಮೂರೂ ಬೆರಳು ಸೇರಿ. ಹೆಬ್ಬೆರಳನ್ನು ಕುತ್ತಿಗೆಯ ಹಿಂದೆ ನೆಟ್ಟಗೆ ಇಡುವ ಅಭ್ಯಾಸವನ್ನು ಇಲ್ಲಿ ಬಿಡಿ, ಮೇಲಂಚಿನಾಚೆ ಅದು ಇಣುಕಲಿ. ತೋರುಬೆರಳಿನ ಬುಡ ಕುತ್ತಿಗೆಯ ಕೆಳಅಂಚಿಗೆ ತಾಗಿರಲಿ. ಈ ಎರಡರ ನಡುವೆ ಕುತ್ತಿಗೆಯನ್ನು ಹಿಡಿದು, ಬೀಗದ ಕೈ ತಿರುಗಿಸಿದಂತೆ ಮುಂಗೈ ತಿರುಗಿಸಿ. ಬೆರಳುಗಳು ಮಡಚಿಕೊಂಡೇ ಇರಬೇಕು, ಬಲವೆಲ್ಲ ಮುಂಗೈಯಿಂದ ಬರಬೇಕು. ಬೆರಳ ಗಂಟುಗಳು ನೋಯುತ್ತಿದ್ದರೆ ಬೆರಳಿನಿಂದಲೇ ತಳ್ಳುತ್ತಿದ್ದೀರಿ ಎಂದರ್ಥ.

ತಂತಿ ಸೂರಿನ ಕಡೆಗೆ ಏರುತ್ತಿದ್ದಂತೆ ನಾಲ್ಕನೆಯ ತಂತಿ ಅಡ್ಡ ಬರುತ್ತದೆ. ಹೆದರಬೇಡಿ, ಅದೂ ಬೆರಳ ತುದಿಯ ಮುಂದೆ ಸರಿಯುತ್ತಾ ಹೋಗಲಿ. ತೋರುಬೆರಳಿನ ತುದಿ ಅದಕ್ಕೆ ಹಗುರವಾಗಿ ತಾಗಿದ್ದರೆ ಸದ್ದು ಮಾಡುವುದಿಲ್ಲ. ಇಳಿಸುವಾಗಲೂ ಒತ್ತಡ ಬಿಡದೆ ಇಳಿಸಿ, ಇಲ್ಲವಾದರೆ ಸ್ವರ ನಡುದಾರಿಯಲ್ಲೇ ಸಾಯುತ್ತದೆ. ಏರಿಸಿದ ಸ್ವರ ತಾನ್ಪುರದ ಪಂಚಮದಲ್ಲಿ ಕರಗಿತೇ? ಮೊದಲು ಕಿವಿಯಿಂದ ತೀರ್ಮಾನಿಸಿ, ಆಮೇಲೆ ಟ್ಯೂನರ್ ನೋಡಿ. ಅದು ಇ ಎಂದು ತೋರಿಸಬೇಕು. ಟ್ಯೂನರಿನ ಮುಳ್ಳನ್ನೇ ನೋಡುತ್ತಾ ಎಳೆಯುವವರಿಗೆ ಕಣ್ಣು ಕಲಿಯುತ್ತದೆ, ಕಿವಿ ಕಲಿಯುವುದಿಲ್ಲ.

ಅಕೂಸ್ಟಿಕ್‌ನಲ್ಲಿ ಮೂರನೆಯದು ಸಾಮಾನ್ಯವಾಗಿ ಸುತ್ತಿದ ತಂತಿ, ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅಂಥವರು ಎರಡನೆಯ ತಂತಿಯ ಎಂಟನೆಯ ಫ್ರೆಟ್ಟಿನಲ್ಲಿ ಕೋಮಲ ನಿಯಿಂದ ಷಡ್ಜಕ್ಕೆ ಏರುವುದನ್ನು ಅಭ್ಯಾಸ ಮಾಡಲಿ.

ಇನ್ನೊಂದು ಬೆಂಡ್ ಇದೆ, ಇದಕ್ಕಿಂತ ಚಿಕ್ಕದು, ಇದಕ್ಕಿಂತ ಮುಖ್ಯ. ಮೂರನೆಯ ತಂತಿಯ ಐದನೆಯ ಫ್ರೆಟ್ಟಿನಲ್ಲಿ ಕೋಮಲ ಗ ಇದೆ. ಅದನ್ನು ತೋರುಬೆರಳಿನಿಂದ ನೆಲದ ಕಡೆಗೆ ಎಳ್ಳಷ್ಟು ಎಳೆಯಿರಿ, ಶುದ್ಧ ಗ ತಲುಪುವ ಮೊದಲೇ ನಿಲ್ಲಿಸಿ. ಹಾರ್ಮೋನಿಯಂನಲ್ಲಿ ಇಲ್ಲದ ಸ್ವರ ಇದು. ಎ ಸೆವೆನ್ ಮೇಲೆ ಇದು ಒಪ್ಪುತ್ತದೆ. ಡಿ ಸೆವೆನ್ ಬಂದಾಗ ಮಾತ್ರ ಎಳೆಯದೆ ಬಿಡಿ, ಏಕೆಂದರೆ ಆ ಕಾರ್ಡ್‌ನೊಳಗೇ ಸಿ ಇದೆ, ಅಲ್ಲಿ ಏರಿಸಿದರೆ ಅಪಸ್ವರ. ವೈಬ್ರಾಟೊ ಎಂಬುದು ಇದೇ ಮುಂಗೈ ಚಲನೆಯನ್ನು ಚಿಕ್ಕದಾಗಿ, ಸಮನಾಗಿ ಪದೇ ಪದೇ ಮಾಡುವುದು.

ಮುಂದೆ, ಸುಮ್ಮನಿರುವುದು. ಬ್ಲೂಸ್ ಹಾಡಿನ ರೂಢಿಯ ಕಟ್ಟು ಮೂರು ಸಾಲು. ಮೊದಲ ಸಾಲನ್ನು ಎರಡು ಸಲ ಹಾಡಿ ಮೂರನೆಯದರಲ್ಲಿ ಉತ್ತರ ಕೊಡುತ್ತಾರೆ. ಸಾಲಿಗೆ ನಾಲ್ಕು ಬಾರ್, ಅದರಲ್ಲಿ ದನಿಗೆ ಸುಮಾರು ಎರಡು, ಉಳಿದದ್ದು ಗಿಟಾರಿಗೆ. ಬ್ಲೂಸ್ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ (1925–2015) ಹಾಡುವಾಗ ಗಿಟಾರ್ ಸುಮ್ಮನಿರುತ್ತಿತ್ತು, ಸಾಲು ಮುಗಿದ ಮೇಲೆ ಅದರ ಸರದಿ. ಹಾಡಲು ಬಾರದವರು ಮನಸ್ಸಿನಲ್ಲೇ ಒಂದು ಸಾಲು ಹೇಳಿಕೊಂಡು ಆ ಎರಡು ಬಾರ್ ಕೈ ಕಟ್ಟಿ ಕೂರಲಿ. ಆರ್ಕೆಸ್ಟ್ರಾ ಮಿತ್ರರಿಗೆ ಬೆಂಡ್‌ಗಿಂತ ಇದೇ ಕಷ್ಟ.

ಎಣಿಕೆ ಬೇಡವೆನ್ನುವವರು ಹಳೆಯ ಬ್ಲೂಸ್ ಗಾಯಕರ ಹೆಸರುಗಳನ್ನು ಮುಂದೆ ತರುತ್ತಾರೆ. ನಿಜ, 1936 ಮತ್ತು 1937ರಲ್ಲಿ ಧ್ವನಿಮುದ್ರಿಸಿದ ರಾಬರ್ಟ್ ಜಾನ್ಸನ್ ಬಾರ್‌ಗಳನ್ನು ಬೇಕೆಂದಲ್ಲಿ ಹಿಗ್ಗಿಸಿದ್ದುಂಟು, ಜಾನ್ ಲೀ ಹೂಕರ್ ಅಂತೂ ಮನಬಂದಂತೆ ಕಾರ್ಡ್ ಬದಲಿಸುತ್ತಿದ್ದರು. ಒಬ್ಬರೇ ಕೂತು ನುಡಿಸುವವರಿಗೆ ಆ ಸ್ವಾತಂತ್ರ್ಯ ಇದೆ. ಪಕ್ಕದಲ್ಲಿ ಇನ್ನೊಬ್ಬರು ಇದ್ದರೆ ಇಲ್ಲ.

ಆದ್ದರಿಂದ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಮೊಬೈಲಿನ ಬ್ಯಾಕಿಂಗ್ ಟ್ರ್ಯಾಕ್ ನೀವು ತಪ್ಪಿದರೂ ತನ್ನ ಪಾಡಿಗೆ ಓಡುತ್ತದೆ, ಮನುಷ್ಯನಾದರೆ ಹುಬ್ಬು ಗಂಟಿಕ್ಕುತ್ತಾನೆ. ನಮ್ಮ ಜಿಲ್ಲೆಯಲ್ಲಿ ಡ್ರಮ್ಸ್‌ನವರಿಗಿಂತ ತಬಲಾದವರು ಸುಲಭವಾಗಿ ಸಿಗುತ್ತಾರೆ. ಅವರಿಗೆ ಬ್ಲೂಸ್ ವಿವರಿಸುವ ಗೋಜಿಗೆ ಹೋಗಬೇಡಿ, ದ್ರುತ ಲಯದಲ್ಲಿ ಆರು ಮಾತ್ರೆಯ ದಾದರಾ ತಾಳ ಹಿಡಿಯಿರಿ ಎಂದರೆ ಸಾಕು. ಶಫಲ್‌ನ ಒಂದು ಬೀಟ್ ಅಂದರೆ ಮೂರು ಮಾತ್ರೆ, ಒಂದು ಬಾರ್‌ಗೆ ದಾದರಾದ ಎರಡು ಆವರ್ತನ. ಅವರು 24 ಆವರ್ತನ ಎಣಿಸಲಿ, ನೀವು ಹನ್ನೆರಡು ಬಾರ್ ಎಣಿಸಿ. ಇಬ್ಬರೂ ಒಟ್ಟಿಗೆ ಮೊದಲ ಎ ಸೆವೆನ್‌ಗೆ ಬಂದು ಬೀಳುವವರೆಗೆ ವೇಗ ಹೆಚ್ಚಿಸಬೇಡಿ.